ದೊಡ್ಡಪ್ಪನ ಕಿವಿ

ಆ ಬೆಳಿಗ್ಗೆಯೂ ಎಮ್ಮೆ ಕರೆದಾಯಿತು, ಕಾಫಿಯಾಯಿತು, ಮುದ್ದೆಗೆ ಎಸರಿಟ್ಟಾಯಿತು. ದೊಡ್ಡಪ್ಪ ಎಂದಿನ ಹಾಗೆ ಜಗಲಿಯ ಕಂಬಕ್ಕೆ ಒರಗಿ, ತೆಂಗಿನಕಾಯಿಯೊಂದನ್ನು ಎಡಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿದರೆ ಕಾಯಿ ವಾಪಸು ಅಟ್ಟಕ್ಕೆ. ಒಣಗಿದ ಕೊಬ್ಬರಿ ಚಿಪ್ಪಿಗೆ ಬಡಿದು ಗೊಟಗೊಟ ಅಂದರೆ ಸುಲಿಯುವುದಕ್ಕೆ. ಹಾಲ್ಕುರಿಕೆಯ ಸುತ್ತಮುತ್ತ ಆ ಕಿವಿಗೆ ಎದುರು ಹೇಳಿದವರಿಲ್ಲ. "ಕಣ್ಣು ಸುಳ್ಳು ಹೇಳ್ತದೆ ಕಣವ್ವ, ಕಾಯಿ ಹೇಳಾಕಿಲ್ಲ" ಅನ್ನುತ್ತಿದ್ದರು.

ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದರು. ಮದುವೆಗೆ ಅವಸರಪಟ್ಟ ಹುಡುಗನಿಗೆ "ಇನ್ನೂ ನೀರೈತೆ", ತಕರಾರು ತಂದವನಿಗೆ "ಒಂದ್ ಮಳೆಗಾಲ ಕಳೀಲಿ ಬುಡು".

ನನ್ನನ್ನು ತಿಪಟೂರಿನ ಕಾನ್ವೆಂಟಿಗೆ ಸೇರಿಸಿದವರೂ ಅವರೇ. ಅಜ್ಜಿ ಊಟ ಬಿಟ್ಟು ಕೂತರೂ ಜಗ್ಗಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ನನಗೊಂದು ಅಟ್ಲಾಸ್ ಕೊಡಿಸಿದ್ದರು. ನಮ್ಮ ಕೊಬ್ಬರಿ ಮೂಟೆ ಹೋಗುವ ದಿಲ್ಲಿಯನ್ನು ನಾನು ಬೆರಳಿಟ್ಟು ತೋರಿಸಿದಾಗ, "ಅಷ್ಟ್ ದೂರ ಹೋಯ್ತದೇನವ್ವ ನಮ್ ಕಾಯಿ!" ಎಂದು ಬೆರಗಾಗಿದ್ದರು. ಅದಕ್ಕೇ ಪಿಯುಸಿ ಮುಗಿದ ಮೇಲೆ, ಮೈಸೂರಿನಲ್ಲಿ ಭೂಗೋಳ ಓದುತ್ತೇನೆ, ಆಮೇಲೆ ಅಟ್ಲಾಸಿನ ಊರುಗಳನ್ನೆಲ್ಲ ನೋಡಿ ಬರುತ್ತೇನೆ ಎಂದು ಹೇಳಲು ಅಪ್ಪನ ಹತ್ತಿರ ಹೋಗದೆ ಇವರ ಹತ್ತಿರ ಹೋದೆ. ಬಿ.ಎ.ಗೆ ಅರ್ಜಿ ತುಂಬಿ, ಕವರಿಗೆ ಸ್ಟಾಂಪು ಅಂಟಿಸಿ ಕೊಟ್ಟೆ.

"ನಾಳೆ ತಿಪಟೂರಿಗೆ ಹೋಯ್ತೀನಿ. ಪೋಸ್ಟಿಗೆ ಹಾಕ್ತೀನಿ ಬುಡು" ಎಂದು ಜೇಬಿಗಿಟ್ಟುಕೊಂಡರು.

ಉತ್ತರ ಬರಲಿಲ್ಲ. ಮೂರು ತಿಂಗಳು ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಬಾಗಿಲಿಗೆ ಓಡಿದೆ. ಕಾಲೇಜಿನವರಿಗೇ ನಾನು ಬೇಡ ಎಂದುಕೊಂಡು, ತುರುವೇಕೆರೆಯ ಸಂಬಂಧಕ್ಕೆ ತಲೆಯಾಡಿಸಿದೆ. ನಿಶ್ಚಿತಾರ್ಥದಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತವರು ದೊಡ್ಡಪ್ಪನೇ.

ಮದುವೆಗೆ ಹದಿನೈದು ದಿನವಿತ್ತು. ಹಗುರ ಇದ್ದೇನೆಂದು ಆ ಬೆಳಿಗ್ಗೆ ನನ್ನನ್ನೇ ಜಗಲಿಯ ಮೇಲಿನ ಅಟ್ಟ ಹತ್ತಿಸಿದ್ದರು. ಹಿಂದಿನ ವರ್ಷ ಹಾಕಿದ್ದ ಕಾಯಿಗಳನ್ನು ಇಳಿಸುತ್ತಾ ಇಳಿಸುತ್ತಾ ಮೂಲೆಗೆ ಬಂದೆ. ತೊಲೆಯ ಸಂದಿಯಲ್ಲಿ ನನ್ನ ಕವರು. ನನ್ನದೇ ದುಂಡು ಅಕ್ಷರ. ಸ್ಟಾಂಪಿನ ಮೇಲೆ ಮುದ್ರೆ ಬಿದ್ದಿರಲಿಲ್ಲ.

"ದೊಡ್ಡಪ್ಪ, ಇದೇನಿದು?"

ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ! ನೀನಿನ್ನೂ ಹಸಿ ಇದ್ದೆ ಕಣವ್ವ. ಒಂದ್ ವರ್ಸ ಇರ್ಲಿ, ಆಗ್ಲೂ ಆಸೆ ಉಳಿದಿದ್ರೆ ಕಳ್ಸಾನ ಅಂತ ಇಟ್ಟಿದ್ದೆ."

"ಮತ್ತೆ ನಿಶ್ಚಿತಾರ್ಥ ಯಾಕ್ ಮಾಡ್ದೆ?" ಅವರನ್ನು ಏಕವಚನದಲ್ಲಿ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ತಲೆ ಕೆರೆದುಕೊಂಡರು. "ಮರ್ತೇ ಹೋಗಿತ್ತು ಕಣವ್ವ."

ಮರೆತಿದ್ದರಂತೆ! ಯಾವ ಕಾಯಿ ಯಾವ ಮರದ್ದು, ಯಾವ ಹಬ್ಬದ ಮಾರನೆಯ ದಿನ ಅಟ್ಟಕ್ಕೇರಿತು ಎಂದು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ. ಹೆಣ್ಣಿಗೆ ಡಿಗ್ರಿ ಯಾಕೆ ಎಂದು ಗದರಿದ್ದರೆ ಜಗಳವಾದರೂ ಆಡುತ್ತಿದ್ದೆ. ಮದುವೆ ಬೇಡವೆನ್ನಿ ಎಂದೆ. "ಕೊಟ್ಟ ಮಾತು ಕಣವ್ವ" ಎಂದರು. ನನಗೆ ಕೊಟ್ಟದ್ದು ಏನಾಗಿತ್ತು? ಕೈಯಲ್ಲಿದ್ದ ಕಾಯಿಯನ್ನು ಅಲ್ಲಿಂದಲೇ ಅಂಗಳಕ್ಕೆ ಬೀಸಿದೆ. ಅವರು ನಿಧಾನವಾಗಿ ಹೋಗಿ ಅದನ್ನು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿಯೂ ನೋಡಿದರು.

ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಅಟ್ಲಾಸ್ ಈಗಲೂ ತುರುವೇಕೆರೆಯ ಮನೆಯಲ್ಲಿ ನನ್ನ ಸೀರೆಗಳ ಕೆಳಗಿದೆ. ಅವರು ಕೊಡಿಸಿದ್ದು ಎಂಬ ಕಾರಣಕ್ಕೆ ಎಸೆಯಲಾರೆ, ಅದೇ ಕಾರಣಕ್ಕೆ ತೆರೆಯಲಾರೆ. ನನ್ನ ಸಿಟ್ಟೂ ಹಾಗೇ ಇದೆ.

ಕವರು ಸಿಕ್ಕ ಆ ದಿನ ಸಂಜೆ ಪಕ್ಕದ ಮನೆಯ ರಂಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ನನ್ನ ಊದಿದ ಕಣ್ಣು ಅವಳಿಗೆ ಕಾಣಲಿಲ್ಲ. ಲೋಟ ಸೆರಗಿನಡಿ ಇಟ್ಟುಕೊಂಡು ಹೊರಟವಳು ಅಂಗಳದಲ್ಲಿದ್ದ ಕಾಯಿ ರಾಶಿಯ ಮುಂದೆ ನಿಂತಳು.

"ನಿಮ್ ದೊಡ್ಡಪ್ಪಾರು ಅಟ್ಟದ ಮ್ಯಾಲೆ ಇಟ್ಟಿದ್ದು ಒಂದಾದ್ರೂ ಕೆಟ್ಟೈತಾ ಹೇಳವ್ವ!"