ಬಂದು ಕೂರಿ ಎಂದ ಕಾಂಪೌಂಡರು

ನಾನು ಆ ಊರಿನ ಶಾಲೆಗೆ ವರ್ಗವಾಗಿ ಬಂದ ಹೊಸದರಲ್ಲೇ ಗಂಟಲು ಕಟ್ಟಿತು. ಮೇಷ್ಟರ ಗಂಟಲು ಕಟ್ಟಿದರೆ ಮಕ್ಕಳಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಅವರ ಸುಖ ಬಹಳ ದಿನ ನಡೆಯಬಾರದೆಂದು ದವಾಖಾನೆಗೆ ಹೋದೆ. ವೈದ್ಯರು ಚೀಟಿ ಬರೆದರು. ಔಷಧಿ ಕೊಡುವ ಕಿಟಕಿಯ ಹಿಂದೆ, ಕನ್ನಡಕವನ್ನು ಹಣೆಗೇರಿಸಿಕೊಂಡು, ಒಣಗಿದ ಕಡ್ಡಿಯಂಥ ಕಾಂಪೌಂಡರೊಬ್ಬರು ನಿಂತಿದ್ದರು.

"ಬಿಸಿನೀರಲ್ಲಿ ಬೆರೆಸಿ ಬಾಯಿ ಮುಕ್ಕಳಿಸಿ," ಎಂದು ಸೀಸೆಯನ್ನು ಮುಂದಿಟ್ಟರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಗುಟ್ಟಿನ ಕಾಯಿಲೆಯನ್ನು ವಿಚಾರಿಸುವವರಂತೆ ದನಿ ತಗ್ಗಿಸಿ, "ಮೇಷ್ಟ್ರೇ, ನಿಮ್ಮ ಮನೇಲಿ ಹಳೇ ಕುರ್ಚಿ ಗಿರ್ಚಿ ಏನಾದ್ರೂ ಇದೆಯಾ?" ಎಂದರು.

ನನಗೆ ಮಾತಾಡುವ ಹಾಗಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಹುಳ ಹಿಡಿದಿದ್ರೂ ಪರವಾಗಿಲ್ಲ. ಅದಕ್ಕೂ ನನ್ನ ಹತ್ರ ಔಷಧಿ ಇದೆ."

ನಾನು ಬಾಡಿಗೆಗೆ ಹಿಡಿದಿದ್ದ ಮನೆಯ ಎದುರು ಮನೆಯೇ ಅವರದೆಂದು ಆ ಸಂಜೆ ತಿಳಿಯಿತು. ಗಂಟಲು ಬಿಟ್ಟ ಮೇಲೆ ನಾನಾಗಿಯೇ ನೋಡಲು ಹೋದೆ. ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ ಇದ್ದ ಆ ಪುಟ್ಟ ಮನೆಯಲ್ಲಿ ದೊಡ್ಡ ಬಂಗಲೆಯೊಂದರ ಸಾಮಾನು ತುಂಬಿತ್ತು. ಗೋಡೆಯುದ್ದಕ್ಕೂ ವಕೀಲರೊಬ್ಬರ ಮೇಜು. ಅದರ ಖಾನೆಗಳು ತೆರೆದರೆ ಮುಚ್ಚವು, ಮುಚ್ಚಿದರೆ ತೆರೆಯವು. ಮೂಲೆಯಲ್ಲಿ ಒಬ್ಬ ಹೆಡ್‌ಮಿಸ್ಟ್ರೆಸ್ಸರ ತಿರುಗುವ ಪುಸ್ತಕದ ಕಪಾಟು. ಬಾಗಿಲೆದುರು ಆಳೆತ್ತರದ ನಿಲುವುಗನ್ನಡಿ. ಒಳಗೆ ಕಾಲಿಟ್ಟವರು ಮೊದಲು ತಮಗೆ ತಾವೇ ನಮಸ್ಕಾರ ಮಾಡಿಕೊಳ್ಳುತ್ತಿದ್ದರು. ಕೋಣೆಯಲ್ಲಿ ಒಬ್ಬ ನ್ಯಾಯಾಧೀಶರ ಬೀಟೆ ಮರದ ಮಂಚ. ಅದರ ತಲೆದೆಸೆಯಲ್ಲಿ ದ್ರಾಕ್ಷಿಗೊಂಚಲುಗಳನ್ನು ಕೆತ್ತಿದ್ದರು. ಆ ಮನೆಯಲ್ಲಿ ನೇರವಾಗಿ ನಡೆದವರನ್ನು ನಾನು ಕಂಡಿಲ್ಲ. ಎಲ್ಲರೂ ಏಡಿಯಂತೆ ಅಡ್ಡಡ್ಡವೇ.

"ಅದರಲ್ಲಿ ಬೇಡ ಮೇಷ್ಟ್ರೇ," ಎಂದು ಕಾಂಪೌಂಡರು ಒಂದು ಕುರ್ಚಿಯಿಂದ ನನ್ನನ್ನು ಎಬ್ಬಿಸಿದರು. "ಅದರ ಬಲಗಾಲು ಇನ್ನೂ ಕೂಡಿಲ್ಲ." ನೋಡಿದರೆ ನಿಜವಾಗಿಯೂ ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿ, ಅಂಟು ಒಣಗಲು ಬಿಟ್ಟಿದ್ದರು. ಮಾರನೆಯ ದಿನ ಆ ಪಟ್ಟಿಯನ್ನು ಬಿಚ್ಚಿ, ಬೆರಳಿನಿಂದ ಒತ್ತಿ, "ಇಲ್ಲಿ ನೋವಿಲ್ಲ ತಾನೆ?" ಎಂದು ಅದನ್ನೇ ಕೇಳಿದ್ದನ್ನೂ ನಾನು ಕಿವಿಯಾರೆ ಕೇಳಿದ್ದೇನೆ.

ಅವರು ಸಾಮಾನು ಕೊಳ್ಳುವ ರೀತಿಯೇ ಬೇರೆ. ಹಿರಿಯರ ದೊಡ್ಡ ಮನೆಯನ್ನು ಮಾರಿ ಸಣ್ಣ ಮನೆಗೆ ಹೋಗುವವರು ಯಾರಾದರೂ ಇದ್ದಾರೆಂದು ಗೊತ್ತಾದರೆ ಅಲ್ಲಿಗೆ ಹೋಗುತ್ತಿದ್ದರು. ಬೆಲೆಯ ಮಾತು ಮುಗಿದು, ಕುರ್ಚಿಯನ್ನು ಗಾಡಿಗೇರಿಸುವಾಗ ಆ ಮನೆಯವರ ಕಣ್ಣು ತುಂಬುವುದು ಸಹಜ. ಕಣ್ಣೀರು ಕಂಡರೆ ಕಾಂಪೌಂಡರು ಕರಗಿ ನೀರಾಗುತ್ತಿದ್ದರು. "ಅಳಬೇಡಿ ತಾಯಿ. ನಮ್ಮ ಮನೆ ದೂರವೇನಲ್ಲ. ನೆನಪಾದಾಗ ಬಂದು ಕೂರಿ," ಎಂದು ಹೇಳಿ ಬರುತ್ತಿದ್ದರು. ಬಾಯಿಮಾತಿಗೆ ಹೇಳಿದ್ದಲ್ಲ, ಮನಸಾರೆ ಹೇಳಿದ್ದು. ತೊಂದರೆಯಾದದ್ದೂ ಅದರಿಂದಲೇ.

ಮೊದಲು ಬಂದವರು ಹೆಡ್‌ಮಿಸ್ಟ್ರೆಸ್. ಒಂದು ಭಾನುವಾರ ಬಂದು, ತಮ್ಮ ಕಪಾಟನ್ನು ಮೂರು ಸುತ್ತು ತಿರುಗಿಸಿ, ಸಂತೋಷದಿಂದ ಚಹಾ ಕುಡಿದು ಹೋದರು. ಅವರು ಯಾರಿಗೋ ಹೇಳಿದರು, ಅವರು ಇನ್ಯಾರಿಗೋ. ವಕೀಲರ ಮಗ ಬಂದು ಮೇಜಿನ ಮುಂದೆ ಕುಳಿತು ತಂದೆಯಂತೆ ಕೆಮ್ಮಿ ನೋಡಿದ. ಕನ್ನಡಿಯನ್ನು ಮಾರಿದ ಅಕ್ಕತಂಗಿಯರಿಬ್ಬರು ಜೊತೆಯಾಗಿ ಬಂದು, "ನಮ್ಮನೇಲಿದ್ದಾಗ ಇದರಲ್ಲಿ ನಾವು ಇಷ್ಟು ದಪ್ಪ ಕಾಣ್ತಿರಲಿಲ್ಲ," ಎಂದು ಆಕ್ಷೇಪಿಸಿದರು. ಬರಬರುತ್ತಾ ಸಲಹೆಗಳು ಶುರುವಾದವು. ಮೇಜಿಗೆ ಬಿಸಿಲು ತಾಗಬಾರದು, ಕಪಾಟಿಗೆ ಗಾಳಿ ಬೇಕು. ಎಲ್ಲರನ್ನೂ ಮೀರಿಸಿದವರು ನ್ಯಾಯಾಧೀಶರ ತಮ್ಮ. ಆ ಮುದುಕರು ಮಂಚವನ್ನು ಸವರಿ, "ನಾನು ಹುಟ್ಟಿದ್ದು ಇದರ ಮೇಲೇ ಕಣಪ್ಪ," ಎಂದು ಅಡ್ಡಾದವರು ಸಂಜೆಯವರೆಗೆ ಗೊರಕೆ ಹೊಡೆದರು. ಎದ್ದಮೇಲೆ, "ವರ್ಷಗಳಿಂದ ಇಂಥಾ ನಿದ್ದೆ ಬಂದಿರಲಿಲ್ಲ. ಮುಂದಿನ ಭಾನುವಾರ ಬರ್ತೀನಿ," ಎಂದರು, ಬಂದರು, ಬರುತ್ತಲೇ ಹೋದರು.

ಕಾಂಪೌಂಡರ ಹೆಂಡತಿ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದರು. ವಾರವಿಡೀ ಬೆನ್ನಿಲ್ಲದ ಸ್ಟೂಲಿನ ಮೇಲೆ ಕುಳಿತು, ಕಿಂಡಿಯಲ್ಲಿ ತೂರಿಬರುವ ಕೈಗಳನ್ನೂ ಜಗಳಗಳನ್ನೂ ನೋಡಿ ದಣಿದವರು. ಅವರಿಗಿದ್ದದ್ದು ಒಂದೇ ಭಾನುವಾರ. ಆ ದಿನ ಕಾಲು ಚಾಚಿ ಮಲಗಲೆಂದೇ ಮೊದಲ ಸಂಬಳದಲ್ಲಿ ಒಂದು ಕೆಂಪು ರೆಕ್ಸಿನ್ ಸೋಫಾ ಕೊಂಡಿದ್ದರು. ಕನ್ನಡಿ ಬಂದಾಗ ಅದಕ್ಕೆ ಜಾಗ ಬೇಕಾಯಿತೆಂದು ಕಾಂಪೌಂಡರು ಆ ಸೋಫಾವನ್ನು ಹಿಂದಿನ ಬೀದಿಯ ಮೆಕ್ಯಾನಿಕ್ಕನಿಗೆ ಮಾರಿದ್ದರು. "ಅದಕ್ಕಿಂತ ಒಳ್ಳೇದು ತರ್ತೀನಿ," ಎಂದಿದ್ದರು. ತಂದದ್ದು ನೆಟ್ಟಗೆ ಕೂರಿಸುವ ಕುರ್ಚಿಗಳನ್ನು. ಈಗ ಭಾನುವಾರ ಆ ಕುರ್ಚಿಗಳಲ್ಲೂ ಪರರು, ಮಂಚದ ಮೇಲೂ ಪರರು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ನಿಮ್ಮನ್ನ ನೋಡೇ ರೀ," ಎಂದು ಆಕೆ ಒಂದು ದಿನ ನನ್ನೆದುರೇ ಹೇಳಿದರು. "ಅಲ್ಲೂ ಕ್ಯೂ, ಇಲ್ಲೂ ಕ್ಯೂ. ನನ್ನ ಮನೇಲಿ ನಾನು ಕೂರೋದೆಲ್ಲಿ?"

"ಹೊಸಿಲ ಹತ್ರ ಗಾಳಿ ಚೆನ್ನಾಗಿದೆಯಲ್ಲೇ," ಎಂದರು ಕಾಂಪೌಂಡರು.

ಆಕೆ ಹೊಸಿಲನ್ನೊಮ್ಮೆ ನೋಡಿ ಒಳಗೆ ಹೋದರು. ಜಗಳವಾಡಿದ್ದರೆ ಒಳ್ಳೆಯದಿತ್ತು.

ಮರುವಾರದ ಭಾನುವಾರ ಕಾಂಪೌಂಡರು ಸೌಟು ಹಿಡಿದುಕೊಂಡೇ ನಮ್ಮ ಮನೆಗೆ ಓಡಿಬಂದರು. "ಮೇಷ್ಟ್ರೇ, ಸ್ವಲ್ಪ ಬನ್ನಿ. ಇವಳು ಬೆಳಗ್ಗೆಯಿಂದ ಮೆಕ್ಯಾನಿಕ್ ಮನೇಲಿ ಕೂತಿದಾಳೆ. ಕರೆದ್ರೆ ಬರ್ತಿಲ್ಲ. ನಿಮ್ಮ ಮಾತಾದ್ರೆ ಕೇಳ್ತಾಳೆ."

ಹೋಗಿ ನೋಡಿದರೆ, ಮೆಕ್ಯಾನಿಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಆ ಕೆಂಪು ಸೋಫಾ. ಅದರ ಮೇಲೆ ಉದ್ದಕ್ಕೆ ಕಾಲು ಚಾಚಿ, ತಲೆಯಡಿಗೆ ದಿಂಬಿಟ್ಟುಕೊಂಡು ಆಕೆ ಮಲಗಿದ್ದರು. ಪಕ್ಕದಲ್ಲಿ ಮೆಕ್ಯಾನಿಕ್ಕನ ಹೆಂಡತಿ ಬಟಾಣಿ ಬಿಡಿಸುತ್ತಾ ಹರಟುತ್ತಿದ್ದಳು.

"ಇದೇನೇ ಇದು?" ಎಂದರು ಕಾಂಪೌಂಡರು.

"ನನ್ನ ಸಾಮಾನು ನೋಡೋಕೆ ಬಂದಿದೀನಿ. ನೆನಪಾಯ್ತು, ಬಂದೆ."

"ಜನ ಏನಂತಾರೆ?"

"ನಿಮ್ಮ ಹೆಡ್‌ಮಿಸ್ಟ್ರೆಸ್‌ಗೆ ಏನಂದ್ರೋ ನನಗೂ ಅದನ್ನೇ ಅನ್ಲಿ."

ಮೆಕ್ಯಾನಿಕ್ಕನ ಹೆಂಡತಿ, "ಇರ್ಲಿ ಬಿಡಣ್ಣ, ಅಕ್ಕ ಪಾಪ ಮಲಗಿರ್ಲಿ. ಊಟ ಇಲ್ಲೇ ಆಗುತ್ತೆ," ಎಂದಳು.

ಕಾಂಪೌಂಡರು ನನ್ನ ಮುಖ ನೋಡಿದರು. "ಮನೇಲಿ ಏಳು ಜನ ಇದಾರಮ್ಮ, ಚಹಾಕ್ಕೆ ಸಕ್ಕರೆ ಎಲ್ಲಿದೆ ಅಂತಾನೂ ಗೊತ್ತಿಲ್ಲ," ಎಂದು ಹೆಂಡತಿಯನ್ನೇ ಬೇಡಿಕೊಂಡರು.

"ವಕೀಲರ ಮೇಜಿನ ಖಾನೇಲಿದೆ. ತೆಗೆದ್ಕೊಳ್ಳಿ, ಬಂದ್ರೆ," ಎಂದು ಆಕೆ ಗೋಡೆಯ ಕಡೆ ಮಗ್ಗುಲಾದರು.

ಬುದ್ಧಿ ಹೇಳಲೆಂದು ನನ್ನನ್ನು ಕರೆದೊಯ್ದಿದ್ದರು. ನನಗೆ ಕಂಡ ಬುದ್ಧಿಯನ್ನು ಅವರಿಗೇ ಹೇಳಿದೆ: ಸೋಫಾವನ್ನು ಮರಳಿ ಕೊಂಡುಕೊಳ್ಳಿ. ಅಷ್ಟರಲ್ಲಿ ಮೆಕ್ಯಾನಿಕ್ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಒಳಗೆ ಬಂದ. ಮಾತು ಕೇಳಿ ತಲೆ ಕೆರೆದುಕೊಂಡ.

"ದುಡ್ಡು ಬೇಡ ಅಣ್ಣ. ಸೋಫಾ ಹೋದ್ರೆ ನಮ್ಮತ್ತೆ ಮಲಗೋದೆಲ್ಲಿ? ನಿಮ್ಮ ಮನೇಲಿ ಆ ದ್ರಾಕ್ಷಿ ಮಂಚ ಇದೆಯಲ್ಲ, ಅದನ್ನ ಕೊಡಿ, ಇದನ್ನ ತಗೊಂಡು ಹೋಗಿ."

ಕಾಂಪೌಂಡರು ಎದೆ ಹಿಡಿದುಕೊಂಡು ಒಂದು ಟೈರಿನ ಮೇಲೆ ಕುಳಿತರು. "ರೆಕ್ಸಿನ್ನಿಗೆ ಬೀಟೆ ಮರವೇ?" ಎಂದು ಮೆಲ್ಲಗೆ ನನ್ನನ್ನು ಕೇಳಿದರು. ಸೋಫಾದ ಮೇಲಿನ ಬೆನ್ನು ಅಲುಗಲಿಲ್ಲ. ಆ ಬೆನ್ನನ್ನು ಅವರು ನೋಡುತ್ತಲೇ ಇದ್ದರು. ಅಷ್ಟು ಹೊತ್ತೂ, ಅದು ಇಷ್ಟು ಸಡಿಲವಾಗಿ ಮಲಗಿದ್ದನ್ನು ತಮ್ಮ ಮನೆಯಲ್ಲಿ ಎಂದಾದರೂ ಕಂಡಿದ್ದೇನೆಯೇ ಎಂದು ಲೆಕ್ಕ ಹಾಕುತ್ತಿದ್ದರೆಂದು ನನಗೆ ಆಮೇಲೆ ಅವರೇ ಹೇಳಿದರು.

"ಮಂಚದ ಮೇಲೆ ಮುದುಕರು ಮಲಗಿದಾರೆ," ಎಂದರು ಕೊನೆಗೆ. "ಎದ್ದ ಮೇಲೆ ಸಾಗಿಸೋಣ."

ಮಂಚ ಹೋಯಿತು, ಸೋಫಾ ಬಂತು. ಕನ್ನಡಿ ಹಿತ್ತಲ ಬಾಗಿಲ ಬಳಿಗೆ ಸರಿಯಿತು. ಟಿಕೆಟ್ ಕೊಟ್ಟು ಪಳಗಿದ ಹೆಂಡತಿ ಬರುವವರಿಗೂ ಒಂದು ಕಟ್ಟಳೆ ಹಾಕಿದರು: ನೋಡುವವರು ತಾನು ಸಂಜೆ ಪಾಳಿಗೆ ಹೋದ ಹೊತ್ತಿನಲ್ಲಿ ಬರಬೇಕು, ಚಹಾವನ್ನು ಕಾಂಪೌಂಡರೇ ಕಾಯಿಸಬೇಕು. ಅವರ ಚಹಾ ಕುಡಿದ ಮೇಲೆ ಅಕ್ಕತಂಗಿಯರು ಬರುವುದನ್ನು ಬಿಟ್ಟರು. ಹೆಡ್‌ಮಿಸ್ಟ್ರೆಸ್ ಮಾತ್ರ ಫ್ಲಾಸ್ಕ್ ತರುತ್ತಾರೆ.

ಈಗ ಕಾಂಪೌಂಡರಿಗೆ ನಿವೃತ್ತಿಯಾಗಿದೆ. ಭಾನುವಾರ ಊಟವಾದೊಡನೆ ಒಂದು ಮೆತ್ತನೆಯ ಬಟ್ಟೆ, ಚಿಕ್ಕ ಪಾಲಿಶ್ ಡಬ್ಬಿ ಹಿಡಿದು ಹಿಂದಿನ ಬೀದಿಗೆ ಹೋಗುತ್ತಾರೆ. ನ್ಯಾಯಾಧೀಶರ ತಮ್ಮ ಅವರಿಗಿಂತ ಮೊದಲೇ ಬಂದು ಮಲಗಿರುತ್ತಾರೆ. ಮೆಕ್ಯಾನಿಕ್ಕನ ಅತ್ತೆ ಆ ಹೊತ್ತು ಅಂಗಳದಲ್ಲಿ ಗೊಣಗುತ್ತಾ ಕೂರುತ್ತಾಳೆ. ಹೊರಗೆ ಸುತ್ತಿಗೆಯ ಸದ್ದು, ಒಳಗೆ ಗೊರಕೆ. ಕಾಂಪೌಂಡರು ನೆಲದ ಮೇಲೆ ಕುಳಿತು, ಮುದುಕರಿಗೆ ಎಚ್ಚರವಾಗದಂತೆ, ದ್ರಾಕ್ಷಿಗಳನ್ನು ಒಂದೊಂದಾಗಿ ಒರೆಸುತ್ತಾರೆ. ಮೆಕ್ಯಾನಿಕ್ಕನ ಹೆಂಡತಿ ಪೊರಕೆ ಹಿಡಿದು ಬಂದು, "ಅಣ್ಣ, ಸ್ವಲ್ಪ ಆಕಡೆ ಸರೀರಿ, ಗುಡಿಸ್ಬೇಕು," ಎನ್ನುತ್ತಾಳೆ. ಅವರು ಡಬ್ಬಿಯನ್ನೆತ್ತಿಕೊಂಡು ಮಂಚದ ಇನ್ನೊಂದು ಕಾಲಿನ ಬಳಿಗೆ ಸರಿದು ಕೂರುತ್ತಾರೆ.