ದಾನಮ್ಮ ಕಡ್ಡಿ ಇಟ್ಟ ಪುಟ

ಬೆಳಗ್ಗೆ ಐದೂಮುಕ್ಕಾಲು. ಬಾಪೂಜಿ ನಗರದ ಮುನಿರಾಜು ಅವರ ರದ್ದಿ ಗೋದಾಮಿನಲ್ಲಿ ಟ್ಯೂಬ್‌ಲೈಟು ಇನ್ನೂ ಮಿಟಮಿಟ ಅನ್ನುತ್ತಿದೆ, ದಾನಮ್ಮ ಆಗಲೇ ಎರಡನೇ ಮೂಟೆ ಸುರಿದುಕೊಂಡು ಕೂತಿದ್ದಾರೆ. ಹಳೇ ಗೈಡುಗಳು, ಪಂಚಾಂಗಗಳು, ಯಾರದೋ ಮದುವೆ ಕಾರ್ಡುಗಳ ರಾಶಿಗೆ ಕೈ ಹಾಕಿ ಒಂದು ಪುಸ್ತಕ ಎಳೆಯುತ್ತಾರೆ, ಹಿಂದಿನ ಪುಟದಿಂದ ಮುಂದಕ್ಕೆ ತಿರುವುತ್ತಾರೆ, ಪಕ್ಕಕ್ಕೆ ಎಸೆಯುತ್ತಾರೆ. ಏನು ನೋಡುತ್ತಿದ್ದಾರೆ ಅಂತ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಬಗ್ಗಿದರೆ, "ಸರದ ನಿಂದರ್ರೀ ಮೇಡಂ, ನಿಮ್ಮ ನೆರಳು ಬೀಳಾಕತ್ತೈತಿ" ಅನ್ನುತ್ತಾರೆ, ತಲೆ ಕೂಡ ಎತ್ತದೆ. ಹೀಗೆ ಬೈಸಿಕೊಂಡೇ ನಮ್ಮ ಪರಿಚಯ ಶುರುವಾಗುತ್ತದೆ.

ದಾನಮ್ಮನಿಗೆ ನಲವತ್ತೆಂಟು. ವಿಜಯನಗರದಲ್ಲಿ ಮೆಟ್ರೊ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಹಳೇ ಪುಸ್ತಕ ಮಾರುತ್ತಾರೆ. ಅದರಲ್ಲೇನು ವಿಶೇಷ ಅಂದಿರಾ? ತಾಳಿ. ಹೂವು, ಎಲೆ, ತೊಗಟೆಗಳಿಂದ ತೆಗೆದ ಸುಗಂಧದ ಎಣ್ಣೆಗಳನ್ನು ಮೈಗೆ, ಮನಸ್ಸಿಗೆ ಹಿತವಾಗುವಂತೆ ಬಳಸುವ ಅರೋಮಾಥೆರಪಿ ಈಗ ಮನೆಮನೆಯ ಹುಚ್ಚು. ಅದನ್ನು ಮನೆಯಲ್ಲೇ ಕೂತು ಕಲಿಯೋಕೆ ಯಾವ ಪುಸ್ತಕ ತಗೊಳ್ಳಲಿ ಅಂತ ಕೇಳಿಕೊಂಡು ನಂದಿನಿ ಲೇಔಟಿನಿಂದ, ಕೆಂಗೇರಿಯಿಂದ ಹೆಂಗಸರು ಈಕೆಯ ಗಾಡಿ ಹುಡುಕಿಕೊಂಡು ಬರುತ್ತಾರೆ! ದೊಡ್ಡ ದೊಡ್ಡ ಅಂಗಡಿಗಳಲ್ಲಿ ಎಸಿ ಹಾಕಿ ಕೂತವರಿಗೂ ಹೇಳೋಕೆ ಬಾರದ್ದನ್ನು ಒಂಬತ್ತನೇ ಕ್ಲಾಸು ಓದಿದ ಈ ರೋಣದ ಹೆಂಗಸು ಹೇಳುತ್ತಾರೆ. ನನಗಂತೂ ನಂಬೋಕೇ ಆಗಲಿಲ್ಲ.

ಅರೋಮಾಥೆರಪಿಯ ಇಂಗ್ಲಿಷ್ ಪುಸ್ತಕಗಳನ್ನು ಹೇಗೆ ಆರಿಸುತ್ತೀರಿ ಅಂತ ಕೇಳಿದೆ. "ನಾಕ ಶಬ್ದ ಕಲ್ತೀನ್ರೀ. ಡ್ರಾಪ್ಸ್, ಡೈಲ್ಯೂಟ್, ಪ್ರೆಗ್ನೆಂಟ್, ಡೋಂಟ್. ಈ ನಾಕೂ ಸಿಗಲಿಲ್ಲಂದ್ರ ಆ ಪುಸ್ತಕ ನನ್ನ ಗಾಡಿ ಹತ್ತಂಗಿಲ್ಲ. ಸಿಕ್ಕರ ಡಿಕ್ಷನರಿ ಹಿಡಕೊಂಡು ಪೂರಾ ಓದ್ತೀನಿ." ಎಷ್ಟು ಹನಿ, ಎಷ್ಟು ಎಣ್ಣೆಯಲ್ಲಿ ತೆಳು ಮಾಡಬೇಕು, ಬಸುರಿಯರು ಏನು ಮುಟ್ಟಬಾರದು, ಯಾವುದು ಬೇಡವೇ ಬೇಡ. ಈ ಎಚ್ಚರಿಕೆಯೆಲ್ಲ ಸಾಮಾನ್ಯವಾಗಿ ಪುಸ್ತಕದ ಕೊನೆಯಲ್ಲಿರುತ್ತದಂತೆ, ಅದಕ್ಕೇ ಹಿಂದಿನಿಂದ ತಿರುವೋದು. ಎಲ್ಲ ರೋಗಕ್ಕೂ ಒಂದೇ ಎಣ್ಣೆ ಅನ್ನೋ ಪುಸ್ತಕ ಸಿಕ್ಕಿದರೆ ನಕ್ಕು ಆಚೆ ಎಸೆಯುತ್ತಾರೆ. ಒಂದು ಇಂಗ್ಲಿಷ್ ಪುಸ್ತಕ ಓದಿ ಮುಗಿಸೋಕೆ ತಿಂಗಳು ಹಿಡಿಯುತ್ತದೆ. ಪಾಸಾದ ಪುಸ್ತಕದಲ್ಲಿ ಬೇಡ ಅನ್ನುವ ಪುಟಕ್ಕೆ ಒಂದು ಊದುಬತ್ತಿ ಕಡ್ಡಿ ಇಡುತ್ತಾರೆ, ಮಸಾಲೆ ಮೆತ್ತದ ಬರೀ ಬಿದಿರಿನ ಕಡ್ಡಿ, ಬುಡಕ್ಕೆ ಕೆಂಪು ಬಣ್ಣದ್ದು. ಕೊಳ್ಳಲು ಬಂದವರು ಆ ಪುಟವನ್ನು ಗಾಡಿಯ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಓದದಿದ್ದರೆ ಪುಸ್ತಕ ಇಲ್ಲ. ಎಂಥ ಗಿರಾಕಿ ಆದರೂ ಅಷ್ಟೇ!

ಕಡ್ಡಿ ಎಲ್ಲಿಂದ ಬಂತು ಅಂದರೆ, ಈಕೆ ಹದಿನಾಲ್ಕು ವರ್ಷ ಕಾಮಾಕ್ಷಿಪಾಳ್ಯದ ಕಡೆ ಊದುಬತ್ತಿ ಕಾರ್ಖಾನೆಯಲ್ಲಿ ಕಡ್ಡಿಗಳನ್ನು ಸೆಂಟಿನಲ್ಲಿ ಅದ್ದುವ ಕೆಲಸ ಮಾಡಿದವರು. ಗಂಡ ಹನುಮೇಶ ಆಗಲೂ ಈಗಲೂ ಡೆಲಿವರಿ ಗಾಡಿ ಓಡಿಸುತ್ತಾರೆ. ಕೊನೆಕೊನೆಗೆ ದಾನಮ್ಮನಿಗೆ ಕೆಮ್ಮು ಹತ್ತಿತು, ಉಸಿರು ಕಟ್ಟತೊಡಗಿತು, ಡಾಕ್ಟರು ಆ ಗಾಳಿಯೇ ಬೇಡ ಅಂದರು. "ನನಗ ಗೊತ್ತಿದ್ದದ್ದು ವಾಸನಿ ಒಂದ ನೋಡ್ರಿ. ಅದನ್ನ ಬಿಟ್ಟು ಏನ್ ಮಾಡ್ಲಿ? ಪುಸ್ತಕದಾಗ ಹುಡುಕಿದೆ." ಈಗ ದಿನಾ ನಾಲ್ಕೂವರೆಗೆ ಎದ್ದು, ಮೂರು ಮೂಟೆ ಜಾಲಾಡಿ, ಇನ್ನೂರು ಪುಸ್ತಕ ತಿರುವಿದರೆ ಗಾಡಿಗೆ ಸಿಗೋದು ಹತ್ತೋ ಹನ್ನೆರಡೋ. ಸುಗಂಧದ ಪುಸ್ತಕವಂತೂ ವಾರಕ್ಕೊಂದು ಸಿಕ್ಕರೆ ಅವತ್ತು ಅವರಿಗೆ ಹಬ್ಬ.

ಆದರೆ ಇವತ್ತಿನ ದಿನವೇ ಬೇರೆ. ಬಸವೇಶ್ವರನಗರದ ಹೆಂಗಸರು ಸೇರಿ ಒಂದು ವಾಚನಾಲಯ ಮಾಡಿಕೊಂಡಿದ್ದಾರೆ. ಅಲ್ಲಿ ಅರೋಮಾಥೆರಪಿ ಕಲಿಯುವವರಿಗೆ ಆರು ಪುಸ್ತಕ ಬೇಕಂತೆ, ದಾನಮ್ಮನ ಹೆಸರು ಯಾರೋ ಹೇಳಿದ್ದಾರೆ. ಹನ್ನೊಂದು ಗಂಟೆಗೆ ಪುಸ್ತಕ ತೋರಿಸಬೇಕು. ನೋಡಿ ಹೂಂ ಅನ್ನಬೇಕಾದವರು ಲತಾ. ಆ ಹೆಸರು ಹೇಳುವಾಗ ದಾನಮ್ಮನ ಕೈ ನಿಲ್ಲುತ್ತದೆ.

ಮೂರು ವರ್ಷದ ಹಿಂದೆ, ಗಾಡಿ ಹಾಕಿದ ಹೊಸದರಲ್ಲಿ, ಇದೇ ಲತಾ ಚೆಂದದ ಬಣ್ಣದ ಪುಸ್ತಕವೊಂದನ್ನು ಕೊಂಡು, ಎಣ್ಣೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ದರು. ದಾನಮ್ಮ ಖುಷಿಯಿಂದ ತಮ್ಮ ಹತ್ತಿರವಿದ್ದ ಕಾರ್ಖಾನೆಯ ಗಂಧದ ಸೆಂಟಿನ ಬಾಟಲಿಯನ್ನು ಪುಕ್ಕಟೆ ಕೊಟ್ಟುಬಿಟ್ಟರು. "ಎರಡೂ ಒಂದ ಅನಕೊಂಡಿದ್ದೆ ಮೇಡಂ. ಕಡ್ಡಿಗೆ ಹೆಚ್ಚು ಅದ್ದಿದಷ್ಟೂ ವಾಸನಿ ಹೆಚ್ಚು. ಅದಕ್ಕ, ನಾಕ ಹನಿ ಜಾಸ್ತೀನ ಹಚ್ಚರಿ ಅಂತ ನಾನ ಹೇಳಿದೆ." ಪುಸ್ತಕದಲ್ಲಿ ಬೇಡ ಅನ್ನುವ ಪುಟವೇ ಇರಲಿಲ್ಲ. ಲತಾ ಕುತ್ತಿಗೆಗೆ ಹಚ್ಚಿಕೊಂಡರು, ಚರ್ಮ ಸುಟ್ಟು ಬೊಬ್ಬೆ ಎದ್ದಿತು. ಆಮೇಲೆ ಒಂದು ದಿನ ಬಂದು ಪುಸ್ತಕವನ್ನು ಗಾಡಿ ಮೇಲಿಟ್ಟು, "ಓದಿ ಕೊಡಬಾರದಿತ್ತಾ?" ಅಂದು ಹೊರಟುಹೋದರು. ಮತ್ತೆ ಆ ಬೀದಿಗೆ ಕಾಲಿಟ್ಟಿಲ್ಲ.

"ಬೈದಿದ್ರ ಮರೀತಿದ್ದೆ" ಅನ್ನುತ್ತಾರೆ ದಾನಮ್ಮ. ಅಂದಿನಿಂದ ಪೂರ್ತಿ ಓದದ ಒಂದು ಸುಗಂಧದ ಪುಸ್ತಕವನ್ನೂ ಅವರು ಯಾರ ಕೈಗೂ ಕೊಟ್ಟಿಲ್ಲ.

ಐದು ಪುಸ್ತಕ ತಯಾರಿವೆ, ಐದೂ ಇಂಗ್ಲಿಷಿನವು. ಆರನೆಯದು ಕನ್ನಡದ್ದೇ ಆಗಬೇಕು ಅಂತ ಲತಾ ಹೇಳಿ ಕಳಿಸಿದ್ದಾರೆ. ಅದಕ್ಕೇ ಈ ಬೆಳಗಿನ ಹುಡುಕಾಟ. ಆರೂ ಹತ್ತಕ್ಕೆ ದಾನಮ್ಮ "ಸಿಕ್ತ್ರೀ!" ಅಂತ ಕೂಗುತ್ತಾರೆ. ಅಬ್ಬಾ, ನಾನೂ ಕೂಗಿಬಿಟ್ಟೆ! ನೇರಳೆ ಹೂವಿನ ಮುಖಪುಟ, ದಪ್ಪ ಅಕ್ಷರ, ಅಚ್ಚ ಕನ್ನಡ, ಇನ್ನೂ ಹೊಸದರ ಹಾಗಿದೆ. ಹಿಂದಿನಿಂದ ತಿರುವುತ್ತಾರೆ. ಮುಖ ಸಣ್ಣಗಾಗುತ್ತದೆ. ಎಣ್ಣೆಯನ್ನು ನೇರವಾಗಿ ಹಚ್ಚಿರಿ ಅಂತಿದೆ, ಸಕ್ಕರೆ ಕಾಯಿಲೆ ಹದಿನೈದು ದಿನದಲ್ಲಿ ಮಾಯ ಅಂತಲೂ ಇದೆ.

ತೂಕದ ಯಂತ್ರದ ಪಕ್ಕ ಟೀ ಕುಡಿಯುತ್ತಿದ್ದ ಮುನಿರಾಜುಗೆ ಪಾಪ ಅನಿಸುತ್ತದೆ. ಅವರ ಅಪ್ಪ ರಾಗಿ ಬಿತ್ತುತ್ತಿದ್ದ ಜಾಗವಂತೆ ಈ ಗೋದಾಮು. "ತಗೊಂಡ್ ಹೋಗಮ್ಮ, ಆರು ಆಗೋಯ್ತದೆ. ಆ ಎರಡು ಪುಟ ಹರಿದು ಹಾಕುದ್ರೆ ಆಯ್ತಪ್ಪ."

"ಬ್ಯಾಡಾದ ಪುಟ ಹರೀಬೌದು ಮುನಿರಾಜಣ್ಣ. ಇರಬೇಕಾದ ಪುಟ ಎಲ್ಲಿಂದ ತರ್ಲಿ?" ಅಂದವರೇ ನೇರಳೆ ಹೂವಿನ ಪುಸ್ತಕವನ್ನು ತೂಕದ ರಾಶಿಗೆ ಎಸೆಯುತ್ತಾರೆ. ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನಿಸಿತು, ಆದರೆ ಅವರ ಕಣ್ಣಲ್ಲಿ ನೀರಿತ್ತು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನಾವಿಬ್ಬರೂ ವಾಚನಾಲಯದ ಮೆಟ್ಟಿಲು ಹತ್ತುತ್ತೇವೆ. ಸಣ್ಣ ಕೋಣೆ, ಎರಡು ಬೀರು, ಏಳೆಂಟು ಹೆಂಗಸರು. ಮೇಜಿನ ಹಿಂದೆ ಲತಾ. ಕುತ್ತಿಗೆಯ ಎಡಗಡೆ ಕಪ್ಪು ಕಲೆ ಈಗಲೂ ಇದೆ. ಅವರು ದಾನಮ್ಮನ ಮುಖ ನೋಡುವುದಿಲ್ಲ, ಪುಸ್ತಕ ಎಣಿಸುತ್ತಾರೆ.

"ಆರು ಹೇಳಿದ್ವಿ. ಐದೇ ಇದೆ?"

"ಆರನೇದು ಸಿಕ್ಕಿತ್ರೀ. ಓದಿ ತೂಕಕ್ಕ ಹಾಕಿ ಬಂದೆ."

ಲತಾ ಮೇಲಿನ ಪುಸ್ತಕ ಎತ್ತಿಕೊಳ್ಳುತ್ತಾರೆ. "ಇದೇನು ಕಡ್ಡಿ?"

"ಬ್ಯಾಡ ಅನ್ನೋ ಪುಟಾರೀ. ಎಲ್ಲಾರೂ ನಿಂತ ಓದ್ತಾರ." ದಾನಮ್ಮನ ದನಿ ಉಡುಗುತ್ತದೆ. "ನೀವು ಕುಂತ ಓದಿದ್ರೂ ನಡೀತೈತಿ."

ಲತಾ ಎದ್ದು ನಿಲ್ಲುತ್ತಾರೆ. ಇಂಗ್ಲಿಷ್ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಅದರ ಕೆಳಗೆ ದಾನಮ್ಮ ಅಂಟಿಸಿದ ಕನ್ನಡದ ಚೀಟಿಯಿದೆ, ಅದನ್ನೂ ಓದುತ್ತಾರೆ. "ಮೈಗೆ ಹಚ್ಚುವ ಎಣ್ಣೆ ಬೇರೆ, ಊದುಬತ್ತಿಯ ಸೆಂಟು ಬೇರೆ. ಆರು ಟೀ ಚಮಚ ಕೊಬ್ಬರಿ ಎಣ್ಣೆಗೆ ಆರು ಹನಿ, ಹೆಚ್ಚು ಬೇಡ. ಬಸುರಿಯರು, ಸಣ್ಣ ಮಕ್ಕಳು, ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಾನು ಓದದೆ ಕೊಟ್ಟಿದ್ದೆ. ನನ್ನ ತಪ್ಪಿನಿಂದ ಒಬ್ಬರ ಕುತ್ತಿಗೆ ಸುಟ್ಟಿತು. ಇತಿ ದಾನಮ್ಮ."

ಲತಾ ಎರಡನೇ ಪುಸ್ತಕ ತೆರೆಯುತ್ತಾರೆ. ಅಲ್ಲೂ ಕಡ್ಡಿ, ಅದೇ ಚೀಟಿ. ಮೂರನೆಯದರಲ್ಲೂ. ಐದರಲ್ಲೂ!

"ಎಲ್ಲರಿಗೂ ಇದನ್ನ ಓದಿಸ್ತೀರಾ?"

"ಹೂಂ ರೀ. ಮೂರು ವರ್ಷದಿಂದ."

ಲತಾ ಕುತ್ತಿಗೆ ಮುಟ್ಟಿಕೊಳ್ಳುತ್ತಾರೆ. ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದು ದಾನಮ್ಮನ ಕಡೆ ಚಾಚುತ್ತಾರೆ. "ಒಬ್ಬರು ಅಂತ ಯಾಕ್ ಬರ್ದಿದೀರಾ? ಲತಾ ಅಂತಾನೇ ಬರೀರಿ. ಇಲ್ಲಿ ಎಲ್ರೂ ನನ್ನ ಕುತ್ತಿಗೆ ನೋಡಿದಾರೆ. ಹೆಸರಿದ್ರೆ ಹುಷಾರಾಗಿರ್ತಾರೆ."

ದಾನಮ್ಮ ಐದು ಚೀಟಿಯಲ್ಲೂ ಹೆಸರು ಬರೆಯುತ್ತಾರೆ, ನಿಧಾನಕ್ಕೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ನಾನು ಕಿಟಕಿ ಕಡೆ ತಿರುಗಿದೆ, ನನ್ನದೂ ಅದೇ ಕಥೆ. ಲತಾ ತಾವೇ ಪುಸ್ತಕಗಳನ್ನು ಬೀರುವಿನಲ್ಲಿ ಜೋಡಿಸಿ, ತುದಿಯಲ್ಲಿ ಉಳಿದ ಜಾಗಕ್ಕೆ ಅಡುಗೆ ಪುಸ್ತಕವೊಂದನ್ನು ಎಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ದಾನಮ್ಮ ಕೈ ಅಡ್ಡ ಹಿಡಿದೇಬಿಟ್ಟರು.

"ಬ್ಯಾಡ್ರೀ ಮೇಡಂ. ಆ ಜಾಗಾ ಅಷ್ಟು ಖಾಲಿ ಇಡ್ರಿ. ಕನ್ನಡದಾಗ ಒಂದು ಚಲೋದು ಎಲ್ಲಾರ ಇದ್ದ ಇರ್ತೈತಿ. ತಡಾ ಆಗಬೌದು. ನಾ ಓದೇ ತರ್ತೀನಿ."