ಒಂದೂರು, ಎರಡು ವಿಮಾನ ನಿಲ್ದಾಣ

ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವನನ್ನು ಎಲ್ಲರೂ ಗೂಡಪ್ಪ ಎಂದೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಊರಿಗೊಂದು ಮರದ ಗೂಡು. ಲಕೋಟೆಯ ಮೇಲೆ ಊರಿನ ಹೆಸರು ಕಂಡದ್ದೇ ತಡ, ಅವನ ಕೈ ಅದನ್ನು ಗೂಡಿಗೆ ಎಸೆದಾಗಿರುತ್ತಿತ್ತು. ಬೀದಿ, ಮನೆ ನಂಬರು ಎಲ್ಲ ಹಂಚುವವರ ತಲೆನೋವು. ನಿವೃತ್ತನಾದ ಮೇಲೂ ಕಣ್ಣು ಆ ಚಾಳಿ ಬಿಡಲಿಲ್ಲ. ಮೊದಲ ಸಲ ಕೈಗೆ ಬಂದ ವಿಮಾನದ ಟಿಕೆಟ್ಟಿನಲ್ಲೂ ಅಕ್ಕನ ಊರಿನ ಹೆಸರು ನೋಡಿದ, ಮಡಚಿ ಜೇಬಿಗಿಟ್ಟ, "ವಿಮಾನ ನಿಲ್ದಾಣಕ್ಕೆ ಬಂದುಬಿಡು" ಎಂದು ಅಕ್ಕನಿಗೆ ಫೋನ್ ಮಾಡಿದ.

ಹೊರಡುವ ಹಿಂದಿನ ದಿನ ಬೆಳಿಗ್ಗೆ, ಅವನ ಅಂಗಿಗೆ ಇಸ್ತ್ರಿ ಹಾಕಲು ಹೊರಟ ಸೊಸೆ ಜೇಬಿನಿಂದ ಟಿಕೆಟ್ಟು ತೆಗೆದು ಓದಿದಳು.

"ಮಾವ, ಆ ಊರಿಗೆ ಎರಡು ವಿಮಾನ ನಿಲ್ದಾಣ. ನಿಮ್ಮಕ್ಕನಿಗೆ ಯಾವುದು ಅಂತ ಹೇಳಿದ್ರಿ?"

"ಒಂದೂರಿಗೆ ಎರಡ್ಯಾಕೆ? ಹತ್ತೋಕೊಂದು, ಇಳಿಯೋಕೊಂದಾ?"

"ತಮಾಷೆ ಅಲ್ಲ. ಊರಿನ ಹೆಸರಿನ ಪಕ್ಕ ಮೂರಕ್ಷರ ಇದೆಯಲ್ಲ, ಅದೇ ಗುರುತು. ನಿಮ್ಮದು ಹೊಸದು, ಹೊಳೆಯಾಚೆ. ಹಳೆಯದಕ್ಕೂ ಇದಕ್ಕೂ ಒಂದೂವರೆ ಗಂಟೆ ದಾರಿ."

ಗೂಡಪ್ಪ ಫೋನಿನತ್ತ ನಡೆದ. ಅಕ್ಕನಿಗೆ ಎಪ್ಪತ್ತೆರಡು. ಮೊಬೈಲು ಬೇಡವೆಂದು ಹಟ. ನಾಲ್ಕು ವರ್ಷದ ಮೇಲೆ ತಮ್ಮನನ್ನು ಕಾಣುವವಳು ತಪ್ಪು ನಿಲ್ದಾಣದಲ್ಲಿ, ಬಂದವರ ಮುಖವನ್ನೆಲ್ಲ ನೋಡುತ್ತ, ಸಂಜೆಯವರೆಗೂ ಕಾಯುವಳು. ಅವಳ ಜಾಯಮಾನವೇ ಅದು. ಅವಳ ಮನೆಯ ಫೋನಿಗೆ ಕರೆ ಮಾಡಿದ.

"ಅಕ್ಕಾ, ನಾಳೆ ಯಾವ ನಿಲ್ದಾಣಕ್ಕೆ ಹೋಗ್ತೀಯ?"

"ಹಳೇದು, ಬೇಕರಿ ಹತ್ತಿರದ್ದು, ಇನ್ಯಾವುದು? ನಿನ್ನೆನೇ ಎರಡು ಬಸ್ಸು ಬದಲಾಯಿಸಿ ಹೋಗಿ ನೋಡ್ಕೊಂಡು ಬಂದೆ. ಬಾಗಿಲು ಕಾಣೋ ಕುರ್ಚಿ ಕೂಡ ಗೊತ್ತು ಮಾಡಿಟ್ಟಿದ್ದೀನಿ."

ಗೂಡಪ್ಪ ಹೇಗೋ ವಿಷಯ ಹೇಳಿ ಮುಗಿಸಿದ. "ತಪ್ಪು ನನ್ನದೇ ಅಕ್ಕ. ನೀನು ಅಲ್ಲೇ ಕೂತಿರು, ಇಳಿದು ನಾನೇ ಬರ್ತೀನಿ."

"ನೀನಾ? ಹಾಲು ತರೋಕೆ ಕಳಿಸಿದ್ರೆ ಪಕ್ಕದ ಬೀದೀಲಿ ಅಳ್ತಾ ನಿಂತಿದ್ದೋನು! ಸುಮ್ಮನಿರು." ಫೋನ್ ಕುಕ್ಕಿದಳು.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ. ಅಕ್ಕನದೇ ದನಿ, ಹಿಂದೆ ಜನರ ಗದ್ದಲ.

"ಹೊಸದನ್ನೂ ನೋಡ್ಕೊಂಡು ಹೋಗೋಣ ಅಂತ ಬಂದಿದ್ದೀನಿ ಕಣೋ. ಆ ಸೇತುವೆ ಎಷ್ಟು ಚೆನ್ನಾಗಿದೆ ಗೊತ್ತಾ! ಪಾಪ, ಕಾವಲಿನವನು ತನ್ನ ಫೋನ್ ಕೊಟ್ಟಿದ್ದಾನೆ, ಬೇಗ ಹೇಳು. ಇಲ್ಲಿ ಎರಡು ಕಟ್ಟಡ ಇವೆಯಂತೆ. ನೀನು ಯಾವುದರಿಂದ ಹೊರಗೆ ಬರ್ತೀಯ?"

"ತಡಿ ಅಕ್ಕ," ಎಂದ ಗೂಡಪ್ಪ, ಟಿಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು. "ಓದ್ತಾ ಇದ್ದೀನಿ."